ನಲವತ್ತೊಂದು ಸೆಕೆಂಡಿನ ಎತ್ತು

ಕಳೆದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಬೆಳಗಿನ ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ ಇದ್ದಾಗ, ನಾನು ಮನಗೂಳಿಯಲ್ಲಿ ವಾಮನರಾವ್ ಮಾಸ್ತರರ ಪಡಸಾಲೆಯ ಎರಡನೆಯ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ನನ್ನ ಎಡಕ್ಕೆ ಅಂಗಳದ ಬಾಗಿಲು. ಬಲಕ್ಕೆ, ಮೇಜಿನ ಮೇಲೆ, ಇಂಡಿಯಿಂದ ನಾನೇ ಹೊತ್ತು ತಂದ ಕಂಪ್ಯೂಟರಿನ ದೊಡ್ಡ ಪರದೆ. ಮಾಸ್ತರರು ಪರದೆಯಿಂದ ಐದಡಿ ದೂರದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಆದರೆ ಅವರ ಮುಖ ಪರದೆಯ ಕಡೆಗಿರಲಿಲ್ಲ, ಗೋಡೆಯ ಕಡೆಗಿತ್ತು. ಅವರಿಗೆ ಎಂಬತ್ತನಾಲ್ಕು ವರ್ಷ. ಕಣ್ಣಿನ ನಡುವಿನ ದೃಷ್ಟಿ ಹೋಗಿ ಆರು ವರ್ಷವಾಗಿದೆ. ಎದುರಿಗೆ ಕುಳಿತವರ ಮುಖ ಕಾಣುವುದಿಲ್ಲ, ಅಕ್ಷರ ಕಾಣುವುದಿಲ್ಲ. ಅಂಚಿನಲ್ಲಿ ಏನಾದರೂ ಅಲುಗಿದರೆ ಅದಷ್ಟೇ ಕಾಣುತ್ತದೆ. ಹೀಗಾಗಿ ಏನನ್ನಾದರೂ ನೋಡಬೇಕೆಂದರೆ ಅವರು ಅದರಿಂದ ಮುಖ ತಿರುಗಿಸುತ್ತಾರೆ.

ಪರದೆಯ ಮೇಲೆ ಒಂದು ಮಣ್ಣಿನ ಎತ್ತು ಎದ್ದು ನಡೆಯಿತು. ಅದನ್ನು ಮಾಡಿದವರು ಮಾಸ್ತರರೇ. ನಲವತ್ತು ವರ್ಷದ ಹಿಂದೆ ಒಂದು ಸಿನಿಮಾಕ್ಕಾಗಿ ಆ ಎತ್ತಿನ ಕಾಲನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು, ಹೀಗೆ ನಡೆಸಿದ್ದರು. ಆಗ ಅದು ನಡುಗುತ್ತ, ತಡವರಿಸುತ್ತ ನಡೆದಿತ್ತು. ಈಗ ನನ್ನ ಕಂಪ್ಯೂಟರಿನ ಎಐ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ನಡುವೆ ಇದ್ದ ಖಾಲಿ ಜಾಗದಲ್ಲಿ ಹೊಸ ಚಿತ್ರಗಳನ್ನು ತಾನೇ ಬರೆದು ತುಂಬಿತ್ತು. ಎತ್ತು ಎಣ್ಣೆ ಹಚ್ಚಿದ ಹಾದಿಯಲ್ಲಿ ಹೋದಂತೆ ಹೋಯಿತು. ಮುಗಿದ ಮೇಲೆ ಮಾಸ್ತರರು ಗೋಡೆಯನ್ನೇ ನೋಡುತ್ತ ಅಂದರು:

“ನಿಂದ್ರಬೇಕಿತ್ತು. ನಿಂದ್ರಲಿಲ್ಲ.”

ನಿನ್ನೆ ಇಂಡಿಯಲ್ಲಿ ಈ ವರ್ಷದ ಮೊದಲ ಮಿರಗದ ಮಳೆ, ಮೃಗಶಿರೆಯ ಮಳೆ, ಆಯಿತು. ಗಿರಾಕಿಯೊಬ್ಬರ ಚಪ್ಪಲಿಗೆ ಹತ್ತಿದ ಎರೆಮಣ್ಣು ನನ್ನ ಅಂಗಡಿಯ ಫರಸಿಯ ಮೇಲೆ ಬಿತ್ತು. ಆ ಹಸಿ ವಾಸನೆಗೆ ಕಳೆದ ಮಳೆಗಾಲದ ಆ ಎರಡು ಮಾತು ಮತ್ತೆ ಕಿವಿಯಲ್ಲಿ ಬಂದವು. ನೆನಪು ಹಸಿಯಿರುವಾಗಲೇ ಬರೆದಿಡುತ್ತಿದ್ದೇನೆ.

ನನ್ನದು ಮದುವೆಯ ಫೋಟೊ, ವಿಡಿಯೊ ಮಾಡುವ ಅಂಗಡಿ. ಕಳೆದ ವರ್ಷ ಬೇಸಿಗೆಯಲ್ಲಿ ಮುದ್ದೇಬಿಹಾಳದಿಂದ ಒಬ್ಬರು ಫೋನ್ ಮಾಡಿದರು. ಅವರ ತಂದೆ ಊರೂರು ತಿರುಗುವ ಡೇರೆ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರಂತೆ. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿದೆ, ಬೇಕಾದರೆ ಒಯ್ಯಿರಿ, ಇಲ್ಲದಿದ್ದರೆ ಗುಜರಿಗೆ ಹಾಕುತ್ತೇವೆ ಅಂದರು. ಹೋಗಿ ಡಬ್ಬಿ ತಂದೆ. ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು, ಹಳೆಯ ಫಿಲ್ಮು ಕೆಡಲು ಶುರುವಾದರೆ ಬರುವ ವಾಸನೆ. ಒಂದು ಮಾರು ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಬಣ್ಣ ಮಾಸಿ ಕೆಂಪಾಗಿತ್ತು. ಒಂದೊಂದು ಚೌಕದಲ್ಲೂ ಒಂದು ಕರಿ ಎತ್ತು, ಒಂದು ಕಾಲು ಎತ್ತಿಕೊಂಡು ನಿಂತಿತ್ತು.

ಆ ಎತ್ತನ್ನು ನಾನು ಮೊದಲೇ ನೋಡಿದ್ದೆ. ಸಿಂದಗಿಯಲ್ಲಿ ಪಿಯುಸಿ ಓದುತ್ತಿದ್ದಾಗ, ಡೇರೆ ಟಾಕೀಸಿನಲ್ಲಿ. ಅದೊಂದು ಭಕ್ತಿಯ ಸಿನಿಮಾ. ಗುಡಿಯೊಳಗಿನ ಕಲ್ಲಿನ ಬಸವಣ್ಣ ಪೀಠ ಬಿಟ್ಟು ಎದ್ದು, ಅಂಗಳ ದಾಟಿ ಹೊಲದ ಕಡೆ ನಡೆಯುವ ದೃಶ್ಯ. ಎತ್ತಿನ ಮೈತುಂಬ ಸಣ್ಣ ನಡುಕವಿತ್ತು. ಡೇರೆ ಸುಮ್ಮನೆ ನೋಡುತ್ತಿತ್ತು. ಆಗ ಹಿಂದಿನಿಂದ ಒಂದು ದನಿ ಎದ್ದಿತು: “ಏ, ಎತ್ತಿಗೆ ಥಂಡಿ ಜರ ಬಂದೈತಿ, ಕಂಬಳಿ ಹೊಚ್ಚ್ರೋ.” ಇಡೀ ಡೇರೆ ನಕ್ಕಿತು. ಮುಂದಿನ ಎತ್ತಿನ ನಡಿಗೆಯೆಲ್ಲ ಆ ನಗೆಯಲ್ಲೇ ಮುಳುಗಿತು.

ಕೂಗಿದವನು ನಾನು.

ಎತ್ತು ಮಾಡಿದ ಮಾಸ್ತರರು ಹೆಂಡತಿಯನ್ನು ಕರೆದುಕೊಂಡು ಬಸವನ ಬಾಗೇವಾಡಿಯಿಂದ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರೆಂದು ಮರುದಿನ ಗೊತ್ತಾಯಿತು. ಅವರು ಬಾಗೇವಾಡಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ನನ್ನ ಮಾತು ಅವರಿಗಿಂತ ಮೊದಲೇ ಊರು ಮುಟ್ಟಿತ್ತು. ‘ಕಂಬಳಿ ಮಾಸ್ತರ’ ಎಂಬ ಹೆಸರು ಬಿತ್ತು. ನಿವೃತ್ತಿಯಾಗಿ ಮನಗೂಳಿಗೆ ಬಂದು ಮಗಳ ಸಂಸಾರದ ಜೊತೆ ನೆಲೆಸಿದರೂ ಆ ಹೆಸರು ಅವರ ಹಿಂದೆಯೇ ಬಂತು. ಅವರು ಮತ್ತೆ ಮಣ್ಣು ಮುಟ್ಟಲಿಲ್ಲ.

ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಮನಗೂಳಿಗೆ ಹೋದೆ. ಫಿಲ್ಮು ಸಿಕ್ಕಿದ್ದನ್ನು ಹೇಳಿದೆ. ಈಗಿನ ಎಐಯಿಂದ ಆ ನಡುಕ ತೆಗೆದು ನಡಿಗೆಯನ್ನು ನಯ ಮಾಡಬಹುದು ಎಂದೂ ಹೇಳಿದೆ. ಕೂಗಿದವನು ನಾನೆಂದು ಮಾತ್ರ ಹೇಳಲಿಲ್ಲ. ಮಾಸ್ತರರು ಡಬ್ಬಿಯ ಮುಚ್ಚಳವನ್ನು ಎರಡು ಸಲ ಸವರಿದರು.

“ಮಾಡ್ರಿ,” ಅಂದರು. “ಮಾಡಿ ಸಿಂದಗಿಯೊಳಗ ಒಂದ್ ಸಲ ತೋರಸ್ರಿ. ಆ ಊರು ಒಂದ್ ಸಲ ನಗಲಾರದ ನೋಡ್ಲಿ. ಅಷ್ಟ ಸಾಕು ನನಗ.”

ಅವರ ಹೆಂಡತಿ ಇಂದಿರಾಬಾಯಿಯವರು ಒಳಗಿನಿಂದ ಚಹಾ ತಂದರು. ಅವರಿಗೆ ಎಪ್ಪತ್ತೇಳು, ಕಣ್ಣು, ಕಿವಿ, ನಾಲಿಗೆ ಮೂರೂ ಚೂಪು. “ಮತ್ತ ಅದ ಊರಿಗೆ ಯಾಕ ಹೋಗ್ತೀರಿ? ಒಮ್ಮೆ ಹೊಚ್ಚಿದ ಕಂಬಳಿ ಸಾಲಲಿಲ್ಲೇನು?” ಎಂದು ಗಂಡನನ್ನು ಕೇಳಿದರು. ನಾನು ಕಪ್ಪಿನೊಳಗೆ ನೋಡುತ್ತ ಕುಳಿತೆ.

ಸಿನಿಮಾದ ಕೆಲಸ ಹೇಗೆ ನಡೆಯಿತೆಂದು ಇಂದಿರಾಬಾಯಿಯವರೇ ಹೇಳಿದರು. ಬೇಸಿಗೆ ರಜೆಯಲ್ಲಿ, ಬಾಗೇವಾಡಿಯ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ. ಎತ್ತು ಒಂದೂವರೆ ಮೊಳ ಉದ್ದ. ಒಳಗೆ ತಂತಿ, ಮೇಲೆ ಜರಡಿ ಹಿಡಿದ ಎರೆಮಣ್ಣಿಗೆ ಹತ್ತಿ, ಅಗಸೆ ಎಣ್ಣೆ ಕೂಡಿಸಿ ಮಾಡಿದ ಮೈ. ಮಾಸ್ತರರು ಕಾಲು ಸರಿಸಿ “ಹೂಂ” ಅನ್ನುವುದು, ಇವರು ಕ್ಯಾಮೆರಾದ ಗುಂಡಿಯನ್ನು ಎರಡು ಸಲ ಒತ್ತುವುದು. ಉರಿ ಬಿಸಿಲಿಗೆ ಮಣ್ಣು ಬಿರಿಯುತ್ತಿತ್ತು. ಅದಕ್ಕೆ ಪ್ರತಿ ಸಲವೂ ಇವರು ಒದ್ದೆ ಅರಿವೆಯಿಂದ ಎತ್ತಿನ ಮೈ ಒರೆಸುತ್ತಿದ್ದರು. ಹಾಗೆ ಒರೆಸಿದಾಗಲೆಲ್ಲ ಬೆರಳಿನ ಗುರುತು, ಮೈಯ ಹೊಳಪು ಒಂದಿಷ್ಟು ಬದಲಾಗುತ್ತಿತ್ತು. ಫಿಲ್ಮು ಓಡಿದಾಗ ಅದೇ ನಡುಕವಾಗಿ ಕಂಡಿತು. “ನಡುಗಿದ್ದು ಎತ್ತಲ್ಲಪಾ, ನನ್ನ ಕೈ,” ಅಂದರು. ಆ ಮಾತನ್ನು ಅವರು ನಲವತ್ತು ವರ್ಷ ಹೊತ್ತಿದ್ದರೆಂದು ದನಿಯಲ್ಲಿ ಗೊತ್ತಾಗುತ್ತಿತ್ತು.

ಕಾರಹುಣ್ಣಿಮೆಯ ಹೊತ್ತಿಗೆ ಮದುವೆಯ ಕೆಲಸ ಇಳಿಯಿತು. ಗಾಜಿನ ಕೆಳಗೆ ದೀಪ, ಗಾಜಿನ ಮೇಲೆ ಫಿಲ್ಮು, ಅದರ ಮೇಲೆ ನನ್ನ ಕ್ಯಾಮೆರಾ. ಒಂದೊಂದೇ ಚೌಕವನ್ನು ಗಾಜಿನ ಮೇಲೆ ಸರಿಸಿ ಚಿತ್ರ ತೆಗೆದೆ. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕ. ಎತ್ತು ಇದ್ದದ್ದು ನಲವತ್ತೊಂದು ಸೆಕೆಂಡು. ಒಟ್ಟು ಒಂಬೈನೂರ ಎಂಬತ್ತನಾಲ್ಕು. ಹೊರಗೆ ಗಾಳಿ ಎದ್ದರೆ ಶಟರ್ ಅಲುಗಿ ಚಿತ್ರ ಮಸುಕಾಗುತ್ತಿತ್ತು, ಗಾಳಿ ಬಿಡುವವರೆಗೆ ಕಾಯುತ್ತಿದ್ದೆ. ಆರು ದಿನ ಹಿಡಿಯಿತು. ಆ ಆರು ದಿನ ನನಗೆ ಹಸಿವಿನ ನೆನಪಿಲ್ಲ.

ಮೊದಲ ಸಲ ಎಐಗೆ ಎಲ್ಲ ಚೌಕಗಳನ್ನೂ ಕೊಟ್ಟೆ. ಎತ್ತು ಜಾರಿತು, ನಿಂತಿತು, ಜಾರಿತು, ನಿಂತಿತು, ಕೆಟ್ಟ ಗಿರಣಿಯಂತೆ. ಯೋಚಿಸಿದ ಮೇಲೆ ಕಾರಣ ಹೊಳೆಯಿತು. ಇಂದಿರಾಬಾಯಿಯವರು ಗುಂಡಿಯನ್ನು ಎರಡೆರಡು ಸಲ ಒತ್ತಿದ್ದರಲ್ಲ, ಪ್ರತಿ ಚಿತ್ರ ಎರಡು ಸಲ ಇದೆ. ಒಂದೇ ತೆರನಾದ ಚೌಕಗಳನ್ನು ತಾನೇ ಹುಡುಕಿ ಕಿತ್ತೊಗೆಯುವ ಒಂದು ಗುಂಡಿ ಆ ಸಲಕರಣೆಯಲ್ಲಿದೆ. ಒತ್ತಿದೆ. ಆಮೇಲೆ, ನಡುಕ ತೆಗೆಯಲು, ನಡಿಗೆ ನಯ ಮಾಡಲು, ಮದುವೆ ವಿಡಿಯೊಗಳಿಗೆಂದು ನಾನೇ ಹೊಂದಿಸಿ ಇಟ್ಟುಕೊಂಡಿದ್ದ ಒಂದು ಅಳತೆಯನ್ನು ಹಾಕಿದೆ. ಕಂಪ್ಯೂಟರಿನಲ್ಲಿ ಅದರ ಹೆಸರು ‘ಮದುಮಗಳು’. ಹುಡುಗಿ ಮಂಟಪಕ್ಕೆ ಬರುವಾಗ ಸೀರೆ ಎಡವಿದರೂ ಗೊತ್ತಾಗದಂತೆ ಮಾಡುತ್ತದೆ.

ನಾಲ್ಕು ತಾಸಿನ ಮೇಲೆ ಎತ್ತು ನಡೆಯಿತು. ಜ್ವರ ಇಳಿದಿತ್ತು. ನಾನು ಅಂಗಡಿ ಬಿಟ್ಟು ಓಣಿಗೆ ಓಡಿದೆ. ಎದುರಿನ ಚಹಾದಂಗಡಿಯವನನ್ನು ರಟ್ಟೆ ಹಿಡಿದು ಎಳೆತಂದು ತೋರಿಸಿದೆ. ಅವನು ಚಹಾ ಸೋಸುವ ಸಾಣಿಗೆ ಕೈಯಲ್ಲಿ ಹಿಡಿದುಕೊಂಡೇ ನೋಡಿ, ಚಲೋ ಐತಿ, ಇದರಾಗ ಹೀರೋ ಯಾವಾಗ ಬರ್ತಾನ ಎಂದು ಕೇಳಿದ. ಅವನ ಮೇಲೂ ನನಗೆ ಸಿಟ್ಟು ಬರಲಿಲ್ಲ, ಅಷ್ಟು ಹಿಗ್ಗಿದ್ದೆ.

ಆ ಹಿಗ್ಗಿನಲ್ಲೇ ಅಮಾವಾಸ್ಯೆಯ ದಿನ ಮನಗೂಳಿಗೆ ಹೋದದ್ದು. ಅಂಗಳದಲ್ಲಿ ಮಾಸ್ತರರ ಮಗಳು, ಓಣಿಯ ಹೆಂಗಸರು ಪೂಜೆಗೆಂದು ಹಸಿ ಎರೆಮಣ್ಣಿನಿಂದ ಜೋಡಿ ಎತ್ತು ಮಾಡುತ್ತಿದ್ದರು. ಒಳಗೆ ಮಾಸ್ತರರು ನಿಂದ್ರಬೇಕಿತ್ತು ಅಂದರು. ಅದು ನನಗೆ ತಿಳಿಯುವ ಮೊದಲೇ ಇಂದಿರಾಬಾಯಿಯವರು, “ಎತ್ತು ನಡದ್ಹಾಂಗಿಲ್ಲಪಾ ಈರಣ್ಣ, ಮದುಮಗಳು ಮಂಟಪಕ್ಕ ಬಂದ್ಹಾಂಗದ,” ಅಂದರು. ಆ ಅಳತೆಯ ಹೆಸರನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮಾಸ್ತರರು ಮಗಳನ್ನು ಕರೆದು ಕಪಾಟಿನಿಂದ ಒಂದು ಚಿತ್ರದ ಪುಸ್ತಕ ತರಿಸಿದರು. ಅದರ ತುಂಬ ಗೊರಸಿನ ಗುರುತುಗಳು, ಗುರುತುಗಳ ನಡುವೆ ಅಳತೆ. ಸಿನಿಮಾದ ಹಿಂದಿನ ವರ್ಷ, ಮಿರಗದ ಮಳೆ ಬಿದ್ದ ಮರುದಿನ, ಅವರು ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಗೆ ಹೋಗಿ ಮೋತಿ ಎಂಬ ಎತ್ತನ್ನು ಹಸಿ ಎರೆಯಲ್ಲಿ ನಡೆಸಿ, ಹಿಂದೆ ಹಿಂದೆ ಹೋಗಿ ಒಂದೊಂದು ಹೆಜ್ಜೆಗೂ ಸುಣ್ಣದ ನೀರು ಹೊಯ್ದು ಅಳೆದಿದ್ದರು. ಒಮ್ಮೆಯಲ್ಲ, ಆ ಮಳೆಗಾಲವೆಲ್ಲ. ಮೋತಿಗೆ ಹಿಂದೊಮ್ಮೆ ನಾಲ, ಅಂದರೆ ಲಾಳ, ಬಡಿಯುವಾಗ ಎಡ ಮುಂಗಾಲಿಗೆ ಮೊಳೆ ತಪ್ಪಿ ಮಾಂಸಕ್ಕೆ ಹೋಗಿತ್ತು. ಗಾಯ ಮಾಯ್ದರೂ ಆ ಕಾಲು ಊರುವ ಮುಂಚೆ ಒಂದು ಕ್ಷಣ ತಡೆಯುವುದನ್ನು ಎತ್ತು ಬಿಡಲಿಲ್ಲ. ಮಾಸ್ತರರು ಮಣ್ಣಿನ ಎತ್ತಿಗೂ ಆ ತಡೆ ಇಟ್ಟಿದ್ದರು. ದೇವರ ಎತ್ತು ಕುಂಟಬಾರದು ಎಂದು ಸಿನಿಮಾದವರು ಜಗಳ ಮಾಡಿದರಂತೆ. ನನಗೆ ಗೊತ್ತಿದ್ದದ್ದು ಇದೊಂದೇ ಎತ್ತು ಎಂದು ಮಾಸ್ತರರು ಹಟ ಹಿಡಿದರಂತೆ.

ಬಸ್ಸಿನಲ್ಲಿ ಇಂಡಿಗೆ ಮರಳುವಾಗ ನನಗೆ ಒಂದೇ ಚಿಂತೆ. ಅಂಗಡಿ ತೆರೆದವನೇ ಎರಡು ಓಟದ ಅಳತೆ ನೋಡಿದೆ. ಮೂಲ ಫಿಲ್ಮು ನಲವತ್ತೊಂದು ಸೆಕೆಂಡು. ನಾನು ಮಾಡಿದ್ದು ಮೂವತ್ತೇಳು. ನಾಲ್ಕು ಸೆಕೆಂಡು ಕಾಣೆಯಾಗಿದ್ದವು. ಹಿಗ್ಗಿನಲ್ಲಿ ನಾನು ನೋಡಿಯೇ ಇರಲಿಲ್ಲ. ಮೂಲ ಚೌಕಗಳನ್ನು ಮೊದಲಿನಿಂದ ಎಣಿಸಿದೆ. ಎಲ್ಲ ಕಡೆ ಒಂದು ಚಿತ್ರ ಎರಡು ಸಲ ಇತ್ತು. ಆದರೆ ಎಡ ಮುಂಗಾಲು ನೆಲ ಮುಟ್ಟುವ ಮುಂಚೆ ಒಂದೇ ಚಿತ್ರ ಆರು ಸಲ. ಇಂಥ ಜಾಗ ಇಪ್ಪತ್ತನಾಲ್ಕು. ಒಂದೊಂದು ಕಡೆಯೂ ನಾಲ್ಕು ಚೌಕ ಹೆಚ್ಚು. ಎತ್ತು ತಡೆದ ಹೊತ್ತೆಲ್ಲ ಯಂತ್ರಕ್ಕೆ ಬರೀ ಪುನರುಕ್ತಿ. ಕಿತ್ತೊಗೆದಿತ್ತು. ನಡುಕ ತಪ್ಪಾಗಿತ್ತು, ತಡೆ ನಿಜವಾಗಿತ್ತು. ಎರಡನ್ನೂ ಅದು ಒಂದೇ ರೋಗವೆಂದು ವಾಸಿಮಾಡಿತ್ತು. ಮತ್ತು ಅದನ್ನು, ಎದುರಿಗಿದ್ದ ಮಗಳ ಮುಖ ಕಾಣದ ಮಾಸ್ತರರು ಗೋಡೆಯ ಕಡೆ ಮುಖ ಮಾಡಿಕೊಂಡು ಒಂದೇ ನೋಟಕ್ಕೆ ಹಿಡಿದಿದ್ದರು.

ಆಷಾಢ ಹಿಡಿಯಿತು. ಆಷಾಢದಲ್ಲಿ ಮದುವೆಯಿಲ್ಲ, ನನಗೆ ಕೆಲಸವಿಲ್ಲ. ಮಾಸ್ತರರು ಫೋನ್ ಮಾಡಿದ್ದಕ್ಕೆ ಮೋತಿಯ ಧಣಿ ಬೀರಪ್ಪ ಕಾಕಾ ಮುದ್ದೇಬಿಹಾಳದಿಂದ ಬಂದು ನನ್ನ ಮನೆಯಲ್ಲೇ ಇಳಿದರು. ಎಪ್ಪತ್ತು ದಾಟಿದವರು, ಜೀವಮಾನವೆಲ್ಲ ಕುರಿ, ಎತ್ತುಗಳ ಹಿಂದೆ ನಡೆದವರು. ಕಂಪ್ಯೂಟರನ್ನು ಒಂದು ಸುತ್ತು ನೋಡಿ, “ಈ ಡಬ್ಬಿ ಎಂದಾರ ಎತ್ತ ಹೂಡೇತೇನು?” ಎಂದು ಕೇಳಿದರು. ಇಲ್ಲ ಅಂದೆ. “ಮತ್ತ ಇದರ ಮಾತ ಏನ ಕೇಳ್ತಿ?” ಅಂದರು.

ಯಂತ್ರದ ಮಾತು ಕೇಳುವುದನ್ನು ಬಿಟ್ಟೆವು. ಬೇಡದ ಚೌಕಗಳಿಗೆ ನಾನೇ ಕೈಯಿಂದ ಗುರುತು ಹಾಕಿದೆ. ಮೂಲ ಫಿಲ್ಮನ್ನು ನಿಧಾನ ಓಡಿಸುತ್ತಿದ್ದೆ; ಕಾಕಾ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಳ್ಳುತ್ತ ಕುಳಿತು, ಎತ್ತು ತಡೆಯುವಲ್ಲೆಲ್ಲ “ಹಿಡಿ” ಅನ್ನುತ್ತಿದ್ದರು, ಕಾಲು ಊರುವಲ್ಲಿ “ಬಿಡು”. ಇಪ್ಪತ್ತನಾಲ್ಕು ಹಿಡಿ, ಇಪ್ಪತ್ತನಾಲ್ಕು ಬಿಡು. ನನ್ನ ಎಣಿಕೆಗೂ ಅವರ ಕಣ್ಣಿಗೂ ಒಂದು ಕಡೆಯೂ ತಪ್ಪು ಬರಲಿಲ್ಲ. ಅಷ್ಟಾದ ಮೇಲೆ ಇನ್ನೊಂದು ತೊಡಕು ಕಂಡಿತು. ಈಚೆಯ ಕಾಲು ಆಚೆಯ ಕಾಲನ್ನು ದಾಟುವಾಗ ಎಐಗೆ ಯಾವುದು ಯಾವುದೆಂದು ತಿಳಿಯದೆ ಎರಡನ್ನೂ ಬೆಲ್ಲದ ಹಾಗೆ ಕರಗಿಸುತ್ತಿತ್ತು. ಮಾಸ್ತರರ ಪುಸ್ತಕ ತೆರೆದಿಟ್ಟುಕೊಂಡು ನಾಲ್ಕು ಕಾಲಿಗೂ ನಾಲ್ಕು ಬಣ್ಣದ ಗೆರೆ ಎಳೆದುಕೊಟ್ಟೆ. ದಿನಕ್ಕೆ ನಲವತ್ತು ಚಿತ್ರ ಆದರೆ ಹೆಚ್ಚು. ಕರೆಂಟು ಹೋದಾಗ ಕಾಕಾ ಫರಸಿಯ ಮೇಲೆ ಕೈಯೂರಿ, ತಾವೇ ಎತ್ತಾಗಿ ನಡೆದು ತೋರಿಸುತ್ತಿದ್ದರು. ಚಹಾದಂಗಡಿಯವನು ಬಾಗಿಲಲ್ಲಿ ನಿಂತು, ಕಾಕಾಗ ಮೇವ ಹಾಕ್ಲೇನ್ರಿ ಎಂದು ಕೇಳುತ್ತಿದ್ದ.

ಹನ್ನೆರಡನೆಯ ದಿನ ಮಧ್ಯಾಹ್ನ ಎಲ್ಲ ಕೂಡಿಸಿ ಓಡಿಸಿದೆವು. ಎತ್ತು ಎದ್ದಿತು, ಮೊದಲು ಹಿಂಗಾಲು, ಆಮೇಲೆ ಮುಂಗಾಲು. ಮೈಯಲ್ಲಿ ನಡುಕವಿಲ್ಲ. ಬಲಗಾಲು ಇಟ್ಟಿತು. ಎಡಗಾಲು ಎತ್ತಿ, ನೆಲ ಇನ್ನೆರಡು ಬೆರಳು ದೂರ ಇರುವಂತೆ ತಡೆಯಿತು. ಊರಿತು. ನಾನು ಎದ್ದು ನಿಂತಿದ್ದೆ. ಕಾಕಾ “ಮೋತ್ಯಾ” ಅಂದರು.

ಸಿಂದಗಿಯಲ್ಲಿ ನನಗೆ ಗುರುತಿನವರ ಕಲ್ಯಾಣ ಮಂಟಪ ಆಷಾಢದಿಂದಾಗಿ ಖಾಲಿಯಿತ್ತು. ಒಂದು ಭಾನುವಾರ, ಸಂಜೆ ನಾಲ್ಕೂಕಾಲಿಗೆ, ಅಲ್ಲಿ ಬಿಳಿ ಪರದೆ ಕಟ್ಟಿದೆ. ಕರೆದವರು ಮೂವತ್ತು ಮಂದಿ ಬಂದಿದ್ದರು. ಅಷ್ಟರಲ್ಲಿ ಮಳೆ ಜೋರಾಗಿ, ಸಂತೆಯಿಂದ ಮರಳುತ್ತಿದ್ದ ರೈತರು ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಒಳಗೆ ನುಗ್ಗಿ ಹಿಂದೆ ನಿಂತರು. ಅರವತ್ತರ ಮೇಲಾಯಿತು. ಹಿಂದಿನ ಸಾಲು ಏನು ಮಾಡಬಲ್ಲುದೆಂದು ನನಗೆ ಗೊತ್ತಿತ್ತು. ಮಾಸ್ತರರು ಪರದೆಯ ಪಕ್ಕದಲ್ಲಿ, ಪರದೆಗೆ ಕಿವಿಯಾಗಿ, ಜನರ ಕಡೆ ಮುಖ ಮಾಡಿ ಕುಳಿತಿದ್ದರು. ಇಂದಿರಾಬಾಯಿಯವರು ಅವರ ಪಕ್ಕದಲ್ಲಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ನಾನು ಪ್ರೊಜೆಕ್ಟರಿನ ಹತ್ತಿರ, ಬಾಗಿಲಿನಿಂದ ಒಂಬತ್ತು ಹೆಜ್ಜೆ ಒಳಗೆ.

ಎತ್ತು ಎದ್ದಿತು. ಮಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಐದಾರು ಹೆಜ್ಜೆ ನಡೆಯಿತು. ಆಗ ನನ್ನ ಹಿಂದೆ, ತೋಯ್ದ ಗೋಣಿಚೀಲ ಹೊದ್ದಿದ್ದ ಒಬ್ಬ ರೈತ ಪಕ್ಕದವನಿಗೆ, ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳುವಂತೆ ಹೇಳಿದ:

“ಆ ಎತ್ತಿನ ಎಡ ಮುಂಗಾಲು ನೋಯಾಕತ್ತೈತಿ ನೋಡು. ಮೊಳಿ ಹತ್ತೇತಿ. ನಾಲ ತಗಸಬೇಕದಕ್ಕ.”

ಪಕ್ಕದವನು ಹೂಂ ಅಂದ. ಇನ್ನೊಬ್ಬ, ಅಂಥಾ ಎತ್ತು ಯಾಕ ನಡಸ್ತಾರ ಎಂದು ಬೈದುಕೊಂಡ. ಮಾಸ್ತರರ ಬಲಗೈ ಮೊಳಕಾಲಿನಿಂದ ಒಂದು ಗೇಣು ಮೇಲೆದ್ದು, ಎತ್ತು ಹೊಲ ಸೇರುವವರೆಗೂ ಹಾಗೆಯೇ ಗಾಳಿಯಲ್ಲಿತ್ತು. ಯಾರೂ ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ದೀಪ ಹತ್ತಿದಾಗ ಒಬ್ಬರು ನಗುತ್ತಿದ್ದರು. ಇಂದಿರಾಬಾಯಿ. ಬಾಯಿಗೆ ಸೆರಗು ಹಿಡಿದು, ತಡೆಯಲಾರದೆ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

ಜನ ಹೋದ ಮೇಲೆ ಮಂಟಪದ ಮೆಟ್ಟಿಲ ಮೇಲೆ ನಾನು ಮಾಸ್ತರರಿಗೆ ಹೇಳಿದೆ, ಆವತ್ತು ಕಂಬಳಿ ಹೊಚ್ಚ್ರೋ ಎಂದು ಕೂಗಿದವನು ನಾನು ಎಂದು. ಅವರು ನನ್ನಿಂದ ಮುಖ ತಿರುಗಿಸಿದರು. ಸಿಟ್ಟಿನಿಂದಲ್ಲ, ನನ್ನನ್ನು ನೋಡಲಿಕ್ಕೆ.

“ನೋಡಿ ಕೂಗಿದ್ಯಲ್ಲೋ,” ಅಂದರು. “ಎತ್ತು ಏಳೂ ಹೊತ್ತಿಗೆ ಬೀಡಿ ಸೇದಲಿಕ್ಕೆ ಎದ್ದು ಹೋದವರು ಹನ್ನೊಂದ್ ಮಂದಿ. ನನ್ನ ಸಿಟ್ಟು ಅವರ ಮ್ಯಾಲೆ.”

ಇಂದಿರಾಬಾಯಿಯವರು ಕಾರಿನಲ್ಲಿ ಹೋಗಿ ಕುಳಿತರು.

ಆ ಭಾನುವಾರ ಅಲ್ಲಿದ್ದವರಲ್ಲಿ ನನಗೆ ಹೆಸರು ಗೊತ್ತಿರುವವರನ್ನು ಬರೆದಿಡುತ್ತೇನೆ. ಬೀರಪ್ಪ ಕಾಕಾ ದೀಪಾವಳಿಯ ಮರುದಿನ ತೀರಿಕೊಂಡರು. ವಾಮನರಾವ್ ಮಾಸ್ತರರು ಇದ್ದಾರೆ. ಅಂಚಿನ ನೋಟ ಇನ್ನಷ್ಟು ಮಂದವಾಗಿದೆ, ಈಗ ಫಿಲ್ಮು ಓಡಿಸಿದರೆ ಎಲ್ಲಿ ತಡೆಯಿತೆಂದು ನನ್ನನ್ನೇ ಕೇಳುತ್ತಾರೆ, ನಾನು “ಹಿಡಿ, ಬಿಡು” ಎಂದು ಹೇಳುತ್ತೇನೆ. ಇಂದಿರಾಬಾಯಿಯವರು ಇದ್ದಾರೆ. ನಾನು ಹೋದರೆ ಚಹಾ ಕೊಡುತ್ತಾರೆ, ನನ್ನ ಕಪ್ಪಿಗೆ ಮಾತ್ರ ಸಕ್ಕರೆ ಹಾಕುವುದಿಲ್ಲ. ಅವರ ಮಗಳು ಸುಧಾ ಇದ್ದಾಳೆ. ಮತ್ತು ಆ ಗೋಣಿಚೀಲದ ರೈತ. ಅವನ ಹೆಸರು ಸಂಗಪ್ಪ ಎಂದು ಆಮೇಲೆ ತಿಳಿಯಿತು. ಹೋದ ತಿಂಗಳು ನಿಂಬೆಹಣ್ಣು ಮಾರಲು ಇಂಡಿಗೆ ಬಂದಿದ್ದಾಗ ಬಜಾರಿನಲ್ಲಿ ನನ್ನ ಗುರುತು ಹಿಡಿದು, ಬುಟ್ಟಿ ಇಳಿಸಿ, ಆ ಎತ್ತಿನ ಕಾಲು ಈಗ ಹೆಂಗೈತ್ರಿ ಎಂದು ಕೇಳಿದ. ಚಾಷ್ಟಿ ಮಾಡಿ ನಗುತ್ತಿದ್ದಾನೋ ಎಂದು ಅವನ ಮುಖ ನೋಡಿದೆ. ಅಲ್ಲ. ನೆಲಕ್ಕ ಊರಾಕತ್ತೈತಿ ಅಂದೆ.